ತೈಮಾಲಿ ತೆರೆಯುವ ಬಾಗಿಲು

ಆಗಸ್ಟ್ 14, ಸೋಮವಾರ

ಬೆಳಿಗ್ಗೆ ಹೆಂಡತಿ ತೈಮಾಲಿಗೆ ಬೆರಳಿನ ವ್ಯಾಯಾಮ. ಚೆಂಡು ಹಿಸುಕುವುದು, ಇಪ್ಪತ್ತು ಸಲ. ಹನ್ನೆರಡಕ್ಕೇ ಬೇಜಾರಾಗಿ ಎಡಗೈಯಲ್ಲಿ ನನ್ನ ಮೇಲೆ ಎಸೆದಳು. ಗುರಿ ತಪ್ಪಲಿಲ್ಲ. ಲಕ್ವ ಹೊಡೆದು ಬಲಗೈ ಸೋತು ಐದು ತಿಂಗಳು. ನಾಲಿಗೆಗೆ ಏನೂ ಆಗಿಲ್ಲ, ದೇವರು ದೊಡ್ಡವನು.

ಸಂಜೆ ಚರ್ಚಿನ ಸಮಿತಿ ಸಭೆ. ಹೋದ ವರ್ಷ ಅಡುಗೆಮನೆಯಲ್ಲಿ ಎಣ್ಣೆಗೆ ಬೆಂಕಿ ಹತ್ತಿ, ಹೊಗೆಯೆಲ್ಲ ಮಕ್ಕಳು ಕೂತಿದ್ದ ಹಾಲ್‌ಗೆ ನುಗ್ಗಿತ್ತಲ್ಲ — ಅವತ್ತು ಯಾರೋ ಬಾಗಿಲಿಗೆ ಕಲ್ಲು ಕೊಟ್ಟು ತೆರೆದಿಟ್ಟಿದ್ದರು. ಈಗ ಅಲ್ಲಿಗೆ ಬೆಂಕಿ ತಡೆಯುವ ಹೊಸ ಬಾಗಿಲು. ಅದಕ್ಕೆ ಪ್ಯಾನಿಕ್ ಬಾರ್, ಒಳಗಿನಿಂದ ಒತ್ತಿದರೆ ಚಿಲಕ ಬಿಡುವ ಅಡ್ಡಪಟ್ಟಿ. ಮೂವತ್ತೆರಡು ವರ್ಷ ಬೀಗದಂಗಡಿಯಲ್ಲಿ ಸವೆದವನು ನಾನು, ಆರಿಸುವ ಕೆಲಸ ನನ್ನ ತಲೆಗೇ. ಅಕ್ಟೋಬರ್ ಎಂಟಕ್ಕೆ ಮಕ್ಕಳ ಭಾನುವಾರ, ನಮ್ಮ ಚರ್ಚಿನ ದೊಡ್ಡ ಹಬ್ಬ. ಅಷ್ಟರೊಳಗೆ ಹಾಲ್ ತೆರೆಯಬೇಕು.

ಮನೆಗೆ ಬಂದವನೇ ಖುಷಿಯಲ್ಲಿ, "ನಿನ್ನ ಅಡುಗೆಮನೆ ರೆಡಿ ಆಗ್ತಿದೆ ಕಣೇ" ಎಂದೆ. ಅಲ್ಲಿ ಮೂವತ್ತು ವರ್ಷ ಇವಳದೇ ದರ್ಬಾರು.

"ಟ್ರೇ ಹಿಡ್ಕೊಂಡು ಬರ್ತೀನಿ, ಯಾರೋ ಅಯ್ಯೋ ಪಾಪ ಅಂತ ಬಾಗಿಲು ಹಿಡ್ಕೊಂಡು ನಿಲ್ತಾರೆ. ಬೇಡ ಪೆನಿ. ನಾನೇ ತೆಗೆಯೋ ಹಾಗಿದ್ರೆ ಹೇಳು, ಬರ್ತೀನಿ. ಇಲ್ದಿದ್ರೆ ಇನ್ನು ಆ ಕಡೆ ಕಾಲಿಡಲ್ಲ."

ಗೋಡೆ ಕಡೆ ತಿರುಗಿ ಮಲಗಿದಳು. ಹಟಮಾರಿ.

ಆಗಸ್ಟ್ 19, ಶನಿವಾರ

ಹಳೆಯ ಅಂಗಡಿಯಿಂದ ಎರಡು ಸ್ಯಾಂಪಲ್ ತಂದೆ. ಗ್ಯಾರೇಜಿನಿಂದ ಹಿತ್ತಲಿಗೆ ಹೋಗುವ ಬಾಗಿಲಿಗೆ ಒಂದೊಂದಾಗಿ ಹಾಕಿ ನೋಡಿದೆ. ದುಂಡನೆಯದು — ಅವಳ ಬಲಗೈ ಜಾರಿತು. ಚಪ್ಪಟೆಯದು — ಅರ್ಧ ಒತ್ತಿತು, ಚಿಲಕ ಬಿಡಲಿಲ್ಲ. ಎಡಗೈಯಲ್ಲಿ ಸಲೀಸು. ಅದನ್ನು ಹೇಳಿದ್ದಕ್ಕೆ — "ಎಡಗೈಲಿ ಬಾಗಿಲು ತೆಗೆದ್ರೆ ಟ್ರೇ ಯಾರು ಹಿಡೀತಾರೆ, ನಿಮ್ಮಪ್ಪನಾ?"

ಅಷ್ಟರಲ್ಲಿ ಅವಳ ತಮ್ಮ ಸೌಲೋ ಬಂದ. ಸಮಿತಿ ಅಧ್ಯಕ್ಷ ಬೇರೆ. ಕೈಯಲ್ಲಿ ಅರ್ಧ ಬೆಲೆಯ ಬಾರ್.

"ಭಾವ, ನೋಡೋಕೆ ಎಲ್ಲಾ ಒಂದೇ. ಇದರಲ್ಲಿ ಒಂದು ಕೀ ತಿರುಗಿಸಿದ್ರೆ ಚಿಲಕ ಒಳಗೇ ನಿಂತುಬಿಡುತ್ತೆ. ಆಮೇಲೆ ಬರೀ ತಳ್ಳಿದ್ರಾಯ್ತು. ಅಕ್ಕಂಗೂ ಸುಲಭ."

ಬೆಂಕಿ ಪರೀಕ್ಷೆ ಪಾಸಾದ ಚೀಟಿ ಅದರ ಮೇಲೆ ಎಲ್ಲೂ ಇಲ್ಲ. ಇರುವುದೂ ಇಲ್ಲ. ಬೆಂಕಿ ಬಾಗಿಲಿನ ಚಿಲಕ ಪ್ರತಿ ಸಲ ತಾನೇ ಕೂರಬೇಕು, ತಡೆದು ನಿಲ್ಲಿಸುವಂತಿಲ್ಲ. ಗೊತ್ತು. ಆದರೂ ಒಂದು ಗಳಿಗೆ ಆಸೆಯಾಯಿತು. ಸುಳ್ಳೇಕೆ ಬರೆಯಲಿ.

"ಬೇಡ" ಎಂದೆ. "ಹೆಂಡ್ತಿಗಿಂತ ಕಾನೂನೇ ಹೆಚ್ಚಾ ನಿಮಗೆ?" ಎಂದ ಸೌಲೋ. ನಾನು ಬಾಯಿ ತೆರೆಯುವ ಮೊದಲೇ ತೈಮಾಲಿ —

"ಅವತ್ತು ಆ ಕಲ್ಲು ಇಟ್ಟೋಳು ನಾನೇ, ಸೌಲೋ. ಇನ್ನೊಂದು ಕಲ್ಲು ತರಬೇಡ."

ಇಷ್ಟು ದಿನ ನನಗೂ ಹೇಳಿರಲಿಲ್ಲ. ಸೌಲೋ ಬಾರ್ ಎತ್ತಿಕೊಂಡು ಹೋದ. ಇಬ್ಬರೂ ಕೋಕೋ ಕುಡಿದೆವು. ಅವಳ ಬಲಗೈ ನನ್ನ ಕೈಯೊಳಗೇ ಇತ್ತು, ಬಹಳ ಹೊತ್ತು.

ಆಗಸ್ಟ್ 30, ಬುಧವಾರ

ಏನೂ ಹೊಳೆಯುತ್ತಿಲ್ಲ. ಶುಕ್ರವಾರದೊಳಗೆ ಯಾವ ಬಾರ್, ಎಷ್ಟು ಎತ್ತರ ಎಂದು ಹೇಳಬೇಕಂತೆ. ತೂತು ಕಾರ್ಖಾನೆಯಲ್ಲೇ ಕೊರೆಯಬೇಕು. ಆಮೇಲೆ ಬೆಂಕಿ ಬಾಗಿಲಿಗೆ ಮೊಳೆ ಹೊಡೆದರೂ ಕೆಟ್ಟಿತು.

ಆಗಸ್ಟ್ 31, ಗುರುವಾರ

ದಡ್ಡ ನಾನು. ಶುದ್ಧ ದಡ್ಡ!

ಗ್ಯಾರೇಜಿನ ಮೂಲೆಯಲ್ಲಿ ಸ್ಕ್ರೂ ಹುಡುಕುತ್ತಿದ್ದೆ. ತೈಮಾಲಿ ವಾಷಿಂಗ್ ಮಶೀನಿನಿಂದ ಒದ್ದೆ ಬಟ್ಟೆ ತೆಗೆದಳು. ಬುಟ್ಟಿಗೆ ಎಡಗೈ ಕೊಟ್ಟು, ಬಲ ಮೊಣಕೈ ಒತ್ತಿಕೊಂಡು, ಏನೋ ಹಾಡು ಗುನುಗುತ್ತ ಬಂದಳು. ಬಾಗಿಲ ಹತ್ತಿರ ಗರಕ್ಕನೆ ತಿರುಗಿ, ತುದಿಗಾಲಲ್ಲಿ ನಿಂತು, ನಾನು ಅಲ್ಲೇ ಬಿಟ್ಟಿದ್ದ ಚಪ್ಪಟೆ ಬಾರ್‌ಗೆ ಹಿಂಭಾಗದಿಂದ ಒಂದು ಕೊಟ್ಟಳು. ಟಕ್. ಹೊರಗೆ ಹೋದಳು.

"ಏ! ಬಾಗಿಲು ತೆಗೆದೆ!"

"ತೆಗೀದೆ ಹಾರ್ಕೊಂಡು ಹೋಗ್ಲಾ?" ಎಂದವಳು ಅಲ್ಲೇ ನಿಂತಳು. ಬುಟ್ಟಿ ನೋಡಿದಳು. ಬಾಗಿಲು ನೋಡಿದಳು. ಆಮೇಲೆ ನಗು, ನಿಲ್ಲದ ನಗು. "ಮೂವತ್ತು ವರ್ಷದಲ್ಲಿ ಚರ್ಚಿನ ಆ ಬಾಗಿಲನ್ನ ನಾವು ಯಾವತ್ತು ಕೈಯಲ್ಲಿ ತೆಗೆದಿದ್ವಿ? ಕೈತುಂಬಾ ಕೆಸುವಿನ ಗೆಡ್ಡೆ ಇರೋದು. ಎಲ್ಲಾ ಅಂಡಿಂದಲೇ!"

ಎರಡು ವಾರ ಅವಳ ಕೈಯನ್ನೇ ನೋಡುತ್ತ ಕೂತಿದ್ದೆ.

"ಸ್ವಲ್ಪ ಕೆಳಗಿದ್ರೆ ತುದಿಗಾಲಲ್ಲಿ ನಿಲ್ಲೋದು ತಪ್ಪುತ್ತೆ" ಎಂದಳು.

ಸೆಪ್ಟೆಂಬರ್ 1, ಶುಕ್ರವಾರ

ಅಡುಗೆ ತಂಡದ ಹೆಂಗಸರನ್ನೆಲ್ಲ ಕರೆಸಿದೆ. ಟೇಪ್ ನೋಡಿ ಮಾಸಿನಾ ಕಿರುಚಿದಳು — "ಅಯ್ಯಯ್ಯೋ, ಪೆನಿ ಮಾವ ಅಳತೆ ತಗೊಳ್ಳೋಕೆ ಬಂದವ್ರೆ, ಹುಷಾರ್ ಕಣ್ರಮ್ಮಾ!" ಹಾಗಲ್ಲ ತಾಯಿ, ಎಂದು ಗೋಡೆಗೊಂದು ಹಲಗೆ ನಿಲ್ಲಿಸಿ ಮೈದಾಹಿಟ್ಟು ಬಳಿದೆ. ಟ್ರೇ ಹಿಡಿದು ಒಬ್ಬೊಬ್ಬರಾಗಿ ಹಿಂದಕ್ಕೆ ಬಂದು ಢಿಕ್ಕಿ. ಹಿಟ್ಟು ಅಳಿಸಿದಲ್ಲಿ ಗುರುತು. ಹೆಚ್ಚಿನವರದು ತೊಂಬತ್ತು ಸೆಂಟಿಮೀಟರ್ ಆಸುಪಾಸು. ನಿಯಮದಲ್ಲಿ ತೊಂಬತ್ತರಿಂದ ನೂರಾ ಹತ್ತು. ಬದುಕಿದೆ.

ಚಪ್ಪಟೆ ಬಾರ್, ಎಲ್ಲಿ ತಾಗಿದರೂ ಒತ್ತಿಕೊಳ್ಳುವಷ್ಟು ಅಗಲ, ಬೆಂಕಿ ಚೀಟಿ ಸಮೇತ. ಎತ್ತರ ತೊಂಬತ್ತು. ಫೋನ್ ಮಾಡಿಬಿಟ್ಟೆ.

ಅಕ್ಟೋಬರ್ 6, ಶುಕ್ರವಾರ

ತಪಾಸಣೆ ಆಯಿತು. ತಪಾಸಣೆಗೆ ಬಂದವನು ಬಾಗಿಲನ್ನು ಒಂದು ಗೇಣು ತೆರೆದು ಬಿಟ್ಟ. ತಾನೇ ಮುಚ್ಚಿತು, ಚಿಲಕ ಕೂತಿತು. ಪಾಸ್. "ಇಷ್ಟು ಕೆಳಗೆ ಯಾಕೆ?" ಎಂದ. "ನಮ್ಮವರ ಪದ್ಧತಿ" ಎಂದೆ.

ತೈಮಾಲಿ ನೋಡಲು ಬರಲಿಲ್ಲ. ಬಟ್ಟೆ ಬುಟ್ಟಿ ಬೇರೆ, ಬಿಸಿ ಟ್ರೇ ಬೇರೆ, ಊರವರ ಕಣ್ಣು ಬೇರೆ ಎಂದಳು. ಹೆದರಿದ್ದಾಳೆ. ನಾನೂ.

ಅಕ್ಟೋಬರ್ 8, ಭಾನುವಾರ, ಮಧ್ಯಾಹ್ನ 12:40

ಹಾಲ್‌ನಲ್ಲಿ ಕೂತೇ ಬರೆಯುತ್ತಿರುವೆ. ಸುಮ್ಮನೆ ಕೂರಲು ಆಗುತ್ತಿಲ್ಲ. ಮಕ್ಕಳೆಲ್ಲ ಬಿಳಿ ಬಟ್ಟೆಯಲ್ಲಿ, ಬೈಬಲ್ ವಚನ ಒಪ್ಪಿಸಿ ಮುಗಿಸಿ ಊಟಕ್ಕೆ ಕಾಯುತ್ತಿದ್ದಾರೆ. ತೈಮಾಲಿ ಆ ಬಾಗಿಲಿನ ಆಚೆ. ಬೆಳಗಿನ ಐದಕ್ಕೇ ಎದ್ದು ತಾನಾಗಿಯೇ ಹೊರಟಳು.

ಮಾಸಿನಾ ಬಂದಳು, ಕೋಳಿಯ ಟ್ರೇ ಹಿಡಿದು. ಇನ್ನಿಬ್ಬರು ಬಂದರು.

ಬಾರ್ ಸದ್ದಾಯಿತು. ಬಾಗಿಲು ತೆರೆಯಲಿಲ್ಲ. ಅವಳೇ.

ಸೌಲೋ ಎದ್ದ. ಅಂಗಿ ಹಿಡಿದು ಕೂರಿಸಿದೆ. "ಭಾವ, ಅಕ್ಕ —" "ಕೂತ್ಕೋ."

ಮತ್ತೆ ಸದ್ದು. ತೆರೆಯಲಿಲ್ಲ. ಏಳಬಾರದು. ಏಳುವುದಿಲ್ಲ. ದೇವರೇ...

ಟಕ್.

ಮೊದಲು ಬಿಳಿ ಲಂಗದ ಹಿಂಭಾಗ. ಆಮೇಲೆ ಇಡೀ ತೈಮಾಲಿ, ಬೆವರು ಸುರಿಸುತ್ತ, ಹಬೆಯಾಡುವ ಕೆಸುವಿನ ಟ್ರೇ ಎದೆಗೊತ್ತಿಕೊಂಡು. ಹಿಂದೆ ಬಾಗಿಲು ತಾನೇ ಮುಚ್ಚಿತು. ಚಿಲಕ ಕೂತದ್ದು ಕೇಳಿಸಿತು. ಅವಳೂ ಕೇಳಿಸಿಕೊಂಡಳು, ಒಮ್ಮೆ ತಿರುಗಿ ನೋಡಿದಳು. ಅಳು ಬರುತ್ತಿದೆ ನನಗೆ, ಮುದಿ ಮೂರ್ಖನಿಗೆ. ಇತ್ತಲೇ ಬರುತ್ತಿದ್ದಾಳೆ.

"ಏ ಮುದುಕ, ಅದೇನು ಗೀಚ್ತಾ ಕೂತಿದೀಯ? ಮಕ್ಕಳು ಹಸಿದಿವೆ. ಇನ್ನೂ ಆರು ಟ್ರೇ ಇದೆ ಒಳಗೆ. ಬಾಗಿಲು ನಾನ್ ತೆಗೀತೀನಿ, ನೀನು ಟ್ರೇ ಹಿಡ್ಕೊಂಡು ಬಾ. ಪೆನ್ನು ಕೆಳಗಿಡು!"