ಕುಂಕುಮ ಕಾಣದ ಬಲೆ

ಆಗಸ್ಟ್ ೧೬, ೧೯೭೮. ಬೆಳಿಗ್ಗೆ

ದೋಣಿಗೆ ಎಣ್ಣೆ ಹಚ್ಚಿದ್ದಾಯಿತು. ಕೈ ಇನ್ನೂ ಜಿಗುಟು. ಆದರೂ ಇದನ್ನು ಬರೆದಿಡಬೇಕು. ಮೊದಲು ಹೇಳಿದ್ದು ಅಕ್ಕನ ಮಗಳು ಲಕ್ಕಿ — ನಿನ್ನೆ ಸಂಜೆ, ಮಾವಿನಕುರ್ವೆಯ ನಮ್ಮ ಅಂಗಳದಲ್ಲಿ. ಕುಮಟೆಯಲ್ಲಿ ನೈಲಾನ್ ಬಲೆ ಹೆಣೆಯುವ ಶೆಡ್ಡಿನಲ್ಲಿ ಅವಳಿಗೆ ಕೆಲಸ. ನಿನ್ನೆ ಝಂಡಾ ಹಾರಿಸುವ ದಿನ, ರಜೆಗೆ ಬಂದಿದ್ದಳು. ನಮ್ಮ ಹೊಸ ಬಲೆಯೂ ಅಲ್ಲಿಯದೇ. "ಗಂಟು ಎಷ್ಟು ಬಿಗಿ!" ಎಂದು ಹೊಗಳುತ್ತಿದ್ದೆ. ಬೆರಳು ಚಾಚಿದಳು. ನೂಲು ಕೊಯ್ದು ಸೀಳು ಸೀಳು.

"ಬಾಗ್ಲಿಗೆ ಹೊರ್ಗಿಂದ ಬೀಗ, ಮಾವ. ಬಲೆ ಮುಗ್ಯೂ ತನಕ ಒಂದಕ್ಕೂ ಬಿಡೂದಿಲ್ಲ. ಮೊನ್ನೆ ಸುಬ್ಬಿ ತಲೆ ತಿರ್ಗಿ ಬಿದ್ಲು. ಆಗ್ಲೂ ತೆಗೀಲಿಲ್ಲ."

ಕೇರಿಯ ಹೆಂಗಸರೆಲ್ಲ ಕೇಳುತ್ತಿದ್ದರು. ಒಬ್ಬೊಬ್ಬರಾಗಿ ಅವಳ ಬೆರಳು ಹಿಡಿದು ನೋಡಿದರು.

ಆಗಸ್ಟ್ ೧೮. ನೂಲ ಹುಣ್ಣಿಮೆ

ಹೊಸ ಬಲೆಗೆ ಮನೆಯ ಹೆಂಗಸು ಕುಂಕುಮ ಹಚ್ಚದೆ ನಮ್ಮ ಕೇರಿಯಲ್ಲಿ ಕಡಲಿಗೆ ಇಳಿಸುವುದಿಲ್ಲ. ಹೆಂಡತಿ ಮಾಸ್ತಮ್ಮ ಕುಂಕುಮದ ಕರಡಿಗೆ ಮುಚ್ಚಿಟ್ಟಳು.

"ಹಚ್ಚೂದಿಲ್ಲ. ಆ ಬೀಗ ತೆಗೀಲಿ ಮೊದ್ಲು."

"ಹಳೇ ಬಲೆ ಹರ್ದು ಹೋಗಿದ್ಯಲ್ಲೇ! ಹಂಗಾಮು ಪೂರ್ತಿ ಉಪಾಸ ಕೂರೂದಾ?"

"ಹೊಲೀರಿ. ನಾನೂ ಕೂತ್ಕಂತೆ."

ಬೈಯುತ್ತ ಹೊರಗೆ ಬಂದೆ. ಪಕ್ಕದ ಮನೆಯ ಜಟ್ಟನೂ ಬೈಯುತ್ತ ಹೊರಗೆ ಬಂದ. ಆಚೆ ಮನೆಯ ದಾಸನೂ. ಒಬ್ಬರ ಮುಖ ಒಬ್ಬರು ನೋಡಿದೆವು… ಮೂರೂ ಮನೆಯಲ್ಲಿ ಅದೇ ಮಾತು. ಈ ಹೆಂಗಸರು ಮಾತಾಡಿಕೊಂಡದ್ದು ಯಾವಾಗ?

ಆಗಸ್ಟ್ ೨೧

ನಾನು, ಜಟ್ಟ, ದಾಸ ಹೊಸ ಬಲೆ ವಾಪಸು ಕೊಡಲು ಹೊತ್ತು ಕುಮಟೆಗೆ. ಶೆಡ್ಡಿನ ಸಾವ್ಕಾರರು ಕೇಳಿದರು — "ಎಂತ ಮಾರಾಯ, ತೂತಾ?"

"ಬಲೆ ಅಂದ್ರೆ ತೂತೇ ಅಲ್ದಾ ಸಾವ್ಕಾರ್ರೆ?" ಎಂದ ಜಟ್ಟ. "ಬೀಗ ತೆಗೀರಿ, ತಕಂಡು ಹೋಗ್ತೇವೆ."

ಸಾವ್ಕಾರರು ನಗಲಿಲ್ಲ. "ಭಟ್ಕಳದವ್ರು ತಕಂಬ್ತಾರೆ, ನೀವು ಹೋಗಿ."

ಬಲೆ ಅಲ್ಲೇ ಇಳಿಸಿ ಬಂದೆವು. ಲಕ್ಕಿಯ ಕೆಲಸ ಹೋದರೆ? ಅಕ್ಕನಿಗೆ ಏನು ಹೇಳಲಿ?

ಸೆಪ್ಟೆಂಬರ್ ೪

ಹಳೇ ಬಲೆ ಮತ್ತೆ ಹರಿಯಿತು. ಇಂದೂ ಬುಟ್ಟಿ ತುಂಬಲಿಲ್ಲ. ಭಟ್ಕಳದಿಂದ ಸುದ್ದಿ — ಅಲ್ಲಿಯ ಹೆಂಗಸರೂ ಆ ಶೆಡ್ಡಿನ ಬಲೆ ಮನೆಗೆ ತರಗೊಡುತ್ತಿಲ್ಲವಂತೆ. ಮೀನು ಮಾರುವ ಹೆಂಗಸರ ಬುಟ್ಟಿಯ ಜೊತೆ ಬಸ್ಸಿನಲ್ಲಿ ಲಕ್ಕಿಯ ಮಾತೂ ಹೋಗಿದೆ. ಕಡಲಂಚಿನುದ್ದಕ್ಕೂ ತೇಪೆಯ ಬಲೆಗಳು. ಬಿಳಿ, ಹಸಿರು, ಅಜ್ಜನ ಕಾಲದ ಹತ್ತಿನೂಲು… ದೋಣಿಯಿಂದ ನೋಡುತ್ತ ಹುಟ್ಟು ಹಾಕುವುದನ್ನೇ ಮರೆತೆ.

ಸೆಪ್ಟೆಂಬರ್ ೧೩. ಬೆಳಿಗ್ಗೆ

ನಿನ್ನೆ ಲಕ್ಕಿ ಬಂದಿದ್ದಳು. ಬೀಗ ಹೋಗಿದೆ! ಬಲೆ ಕೊಳ್ಳುವವರಿಲ್ಲದೆ ಸಾವ್ಕಾರರೇ ತೆಗೆಸಿದರಂತೆ. ಬಾಗಿಲು ತೆಗೆದಾಗ ಒಳಗಿದ್ದ ಹುಡುಗಿಯರು ಯಾರೂ ಓಡಲಿಲ್ಲವಂತೆ. ಹೊಸ್ತಿಲಲ್ಲಿ ಸುಮ್ಮನೆ ಗಾಳಿಗೆ ನಿಂತರಂತೆ.

"ಇನ್ನಾದ್ರೂ ಬಲೆ ತರ್ಲಾ?" ಎಂದೆ.

"ನಾವು ಕಣ್ಣಾರೆ ಕಾಣ್ದೆ ಬ್ಯಾಡ" ಎಂದಳು ಮಾಸ್ತಮ್ಮ.

ಈಗ ಕೇರಿಯ ಹೆಂಗಸರೆಲ್ಲ ದಂಡೆಯಲ್ಲಿ. ಕುಮಟೆಗೆ ಹೊರಟಿದ್ದಾರೆ, ಬಾಗಿಲು ನೋಡಲಿಕ್ಕೆ. ನಾನೇ ಹೊಳೆ ದಾಟಿಸಬೇಕಂತೆ. ಮಾಸ್ತಮ್ಮ ಕೂಗುತ್ತಿದ್ದಾಳೆ — "ಬರ್ಯೂದು ಸಾಕು, ಬನ್ನಿ!" ಇಷ್ಟು ಹೆಂಗಸರು ಒಟ್ಟಿಗೆ ನನ್ನ ದೋಣಿಯಲ್ಲಿ ಎಂದೂ…