ಬೇಸಿಗೆಯ ಸೊನ್ನೆಗಳು

ಗುಬ್ಬೀ,

ಊಟ ಮುಚ್ಚಿಟ್ಟಿದ್ದೇನೆ. ಹೊರಡುವಾಗ ಹಿಂದಿನ ಬಾಗಿಲ ಚಿಲಕ ಹಾಕು. ನಾನು ಕಣ್ಣಿನ ಆಸ್ಪತ್ರೆಗೆ ಹೊರಟೆ, ಸಂಜೆ ಬರುತ್ತೇನೆ.

ಕೆಲಸದಲ್ಲಿದ್ದಾಗ ನಾನು ನದಿಯ ಮಟ್ಟ ಬರೆದಿಟ್ಟ ಪುಸ್ತಕಗಳನ್ನು ಇವತ್ತು ಸಂದರ್ಶನಕ್ಕೆ ಒಯ್ಯಬೇಡ. ನಿನ್ನೆ ನೀನು, "ಅಜ್ಜಾ, ಹನ್ನೊಂದು ಬೇಸಿಗೆ ನದಿ ಒಂಚೂರೂ ಇಳಿದಿಲ್ಲ! ಹವಾಮಾನದ ಕೆಲಸ ಕೇಳೋಕೆ ಇದಕ್ಕಿಂತ ಹೆಚ್ಚಿನ ತಯಾರಿ ಬೇಕಾ?" ಅಂತ ಕುಣಿದಾಗ ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಮುಖ ನೋಡಿ ಹೇಳುವ ಧೈರ್ಯ ಬರಲಿಲ್ಲ.

ನದಿ ಇಳಿದಿತ್ತು ಮಗಾ. ಮಟ್ಟ ನೋಡಲು ನದಿಯಲ್ಲಿ ನೆಟ್ಟ ಅಳತೆಕೋಲಿನ ಬುಡವೇ ಒಣಗಿ, ನೀರು ಅದಕ್ಕಿಂತ ಕೆಳಗೆ ಹೋಗಿತ್ತು. ಸೊನ್ನೆಯ ಕೆಳಗೂ ಲೆಕ್ಕ ಇದೆ ಎಂದು ನನಗೆ ಯಾರು ಕಲಿಸಿದ್ದರು? ಸಾಹೇಬರನ್ನು ಕೇಳಿದೆ. "ಕೋಲಿಗೆ ಮುಟ್ಟದಿದ್ರೆ ಸೊನ್ನೆ ಹಾಕಪ್ಪ, ತಲೆ ಯಾಕೆ ಕೆಡಿಸ್ಕೋತೀಯ" ಅಂದರು. ಹಾಕಿದೆ. ಮೊದಲ ವರ್ಷ ನೀರು ಮುಟ್ಟಲು ಕೋಲಿನ ಬುಡದಿಂದ ದಡದ ಎರಡು ಮೆಟ್ಟಿಲು ಇಳಿಯುತ್ತಿದ್ದೆ, ನಿನ್ನಜ್ಜಿ ತೀರಿದ ವರ್ಷ ಒಂಬತ್ತು, ಕೊನೆಗೆ ಮೆಟ್ಟಿಲೇ ಮುಗಿದವು. ಪುಸ್ತಕದಲ್ಲಿ ಎಲ್ಲಕ್ಕೂ ಅದೇ ಸೊನ್ನೆ. ಈಗ ನನ್ನ ನೆನಪನ್ನು ಯಾರೂ ಅಳತೆ ಎಂದು ಒಪ್ಪುವುದಿಲ್ಲ. ಹೋದದ್ದು ಹೋಯಿತು.

ಅದರ ಜೊತೆ ಈ ಪುಸ್ತಕಗಳ ಮೇಲಿನ ನಿನ್ನ ಎರಡು ವರ್ಷದ ದುಡಿಮೆಯೂ ಹೋಯಿತಲ್ಲ. ಬೈಯಬೇಕೆನಿಸಿದರೆ ಬೈಯಿ, ಉಂಡು ಬೈಯಿ. ಇಷ್ಟಾದ ಮೇಲೂ ಇದೇ ಕೆಲಸಕ್ಕೆ ಹೋಗುವ ಹಟವಿದ್ದರೆ, ಇಂಥ ಪುಸ್ತಕ ಸಿಕ್ಕಾಗ ಮೊದಲು ಬರೆದವನನ್ನು ಹುಡುಕಿ ಕೇಳು. ನೀನು ಇದೇ ಮನೆಯಲ್ಲಿ ಕೂತು ಎರಡು ವರ್ಷ ಓದಿದೆ, ಒಮ್ಮೆಯೂ ಕೇಳಲಿಲ್ಲ. ಕೇಳುತ್ತೀಯ ಎಂದು ನಾನೂ ಕಾಯುತ್ತ ಕೂತೆ.