ಹಸಿರು ರಟ್ಟಿನ ಪುಸ್ತಕ

ಅಪ್ಪನಿಗೆ,

ಮಂಡಿನೋವು ಹೇಗಿದೆ? ಮುಲಾಮು ಹಚ್ಚುತ್ತಿದ್ದೀರಿ ತಾನೆ?

ನಿಮ್ಮಿಂದ ಒಂದು ಕೆಲಸವಾಗಬೇಕು. ತೇವಕ್ಕೆ ಗಂಟು ಕಟ್ಟದ ಆ ಔಷಧಿ ಪುಡಿಗೆ ಕಂಪನಿಯೊಂದು ಪಡೆದ ಪೇಟೆಂಟ್ ರದ್ದು ಮಾಡಿಸುವ ಮೇಲ್ಮನವಿ ನನ್ನ ಕೈಗೇ ಬಂದಿದೆ. ನನಗಿರುವ ಆಧಾರ ಎರಡೇ ಹಳೆಯ ಲೇಖನ. ಆ ಔಷಧಿ ಮೂಲ ರೂಪದಲ್ಲಿ ತೇವ ಹೀರುತ್ತದೆ ಎಂದು ನೀವು ಬರೆದದ್ದು ಒಂದು. ಅಂಥದೇ ಬೇರೊಂದು ಔಷಧಿಯನ್ನು ಲವಣದ ರೂಪಕ್ಕೆ ತಂದರೆ ಒಣಗಿಯೇ ಇರುತ್ತದೆ ಎಂದು ಬೇರೆಯವರು ಬರೆದದ್ದು ಇನ್ನೊಂದು. ಎರಡನ್ನೂ ಓದಿದ ಯಾವ ರಸಾಯನ ತಜ್ಞನಿಗಾದರೂ ಇದನ್ನೂ ಲವಣ ಮಾಡಿ ನೋಡೋಣ ಎನಿಸುತ್ತಿತ್ತು, ಇದರಲ್ಲಿ ಹೊಸ ಶೋಧವೇನೂ ಇಲ್ಲ ಎಂದು ವಾದಿಸಿದೆ.

ಎದುರು ಪಕ್ಷದ ವಕೀಲರು ಎದ್ದು, "ಮೊದಲನೇದು ಬರೆದೋರು ಎರಡನೇದನ್ನೂ ಓದಿದ್ರಲ್ಲ, ಈ ಪೇಟೆಂಟ್ ಬರೋವರೆಗೆ ಹನ್ನೊಂದು ವರ್ಷ ಅವರಿಗೇ ಯಾಕೆ ಹೊಳೀಲಿಲ್ಲ?" ಎಂದರು. ಬರೆದವರು ನನ್ನ ಅಪ್ಪ ಎಂದು ಇಡೀ ಪೀಠಕ್ಕೆ ಗೊತ್ತು. ಉತ್ತರ ಕೊಡಲು ಸೋಮವಾರದವರೆಗೆ ಸಮಯ ಕೇಳಿ ಪಡೆದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಊಟಕ್ಕೆ ಕೂತಾಗಲೆಲ್ಲ ನೀವು, "ಲವಣ ಮಾಡೋದು ನಂಗೂ ಆಗ್ಲೇ ಹೊಳೆದಿತ್ತು ಕಣೇ, ಹಸಿರು ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದೀನಿ" ಎನ್ನುತ್ತಿದ್ದಿರಿ. ಅಮ್ಮನೂ ನಾನೂ ಮುಖ ಮುಖ ನೋಡಿಕೊಂಡು ನಗುತ್ತಿದ್ದೆವು. ಈಗ ಆ ಸಾಲು ಬೇಕಾಗಿದೆ. ಸೋಮವಾರದೊಳಗೆ ಪುಸ್ತಕ ಕಳಿಸಿ.

ಒಂದು ವೇಳೆ ಆ ಸಾಲು ಅದರಲ್ಲಿ ಇಲ್ಲದಿದ್ದರೆ, ದಯವಿಟ್ಟು ಈಗ ಬರೆಯಬೇಡಿ. ಪುಸ್ತಕ ಕಳೆದುಹೋಯಿತು ಎಂದುಬಿಡಿ. ನಾನು ನಂಬುತ್ತೇನೆ.

ನಿಮ್ಮ ಮಗಳು